ಎತ್ತರದ ಭಯವೂ ಎತ್ತರದ ಮೋಹವೂ

ಕಾರವಾರದಿಂದ ಅಂಕೋಲೆಯ ಕಡೆಗೆ ಹೊರಟವರಿಗೆ ಬಿಣಗಾದ ಬಳಿ ಬೆಟ್ಟಗಳು ಸಮುದ್ರದ ಅಂಚಿನವರೆಗೂ ಬಂದು ನಿಂತಿರುವುದು ಗೋಚರಿಸುತ್ತದೆ. ಇಂದು ಹೆದ್ದಾರಿಯು ಸುರಂಗದ ಮೂಲಕ ಆ ಗುಡ್ಡವನ್ನು ದಾಟುವುದಾದರೂ, ಅಂತಹ ಗುಡ್ಡದ ನೆತ್ತಿಯನ್ನೇರಿ ಕೆಳಗಣ ಕಡಲನ್ನು ನೋಡುವ ಮನುಷ್ಯನಲ್ಲಿ ಹಿಂದೆ ಸರಿಯಬೇಕೆಂಬ ಭೀತಿಯೂ ಇನ್ನೊಂದು ಹೆಜ್ಜೆ ಮುಂದಿಟ್ಟು ನೋಡಬೇಕೆಂಬ ಮೋಹವೂ ಏಕಕಾಲದಲ್ಲಿ ಉದಿಸುತ್ತವೆ.

ಈ ಭೀತಿ ಹೇಡಿತನದ ಲಕ್ಷಣವಲ್ಲ. ಕಣ್ಣು, ಒಳಗಿವಿ, ಪಾದ ಮತ್ತು ಕೀಲುಗಳು ಕೊಡುವ ಸಂವೇದನೆಗಳ ಹೊಂದಾಣಿಕೆಯಿಂದ ನಾವು ನೆಟ್ಟಗೆ ನಿಲ್ಲುತ್ತೇವೆ. ಸಮೀಪದ ಗೋಡೆಯನ್ನೋ ಗಿಡವನ್ನೋ ಆಧರಿಸಿ ದೇಹದ ಸೂಕ್ಷ್ಮವಾದ ಓಲಾಟವನ್ನು ಅರಿಯುವ ಕಣ್ಣು, ಎತ್ತರದಲ್ಲಿ ಕಾಣುವುದೆಲ್ಲವೂ ದೂರವಾದಾಗ ಆ ಆಧಾರವನ್ನು ಕಳೆದುಕೊಳ್ಳುವುದರಿಂದ, ಓಲಾಟ ಹೆಚ್ಚಿ ತಲೆ ತಿರುಗಿದಂತಾಗುತ್ತದೆ. ಎಲಿನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಎಂಬ ವಿಜ್ಞಾನಿಗಳು 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಟ್ಟಿ ಗಾಜಿನ ಕೆಳಗೆ ಪ್ರಪಾತದಂತೆ ತೋರುವ ಆಳವನ್ನು ಕಂಡ ಅಂಬೆಗಾಲಿನ ಶಿಶುಗಳಲ್ಲಿ ಹೆಚ್ಚಿನವು, ತಾಯಿ ಆಚೆಯಿಂದ ಕರೆದರೂ ದಾಟಲೊಲ್ಲದೆ ಹೋದವು.

ಈ ಭಯವನ್ನು ಪಳಗಿಸುವ ವಿದ್ಯೆಯಾದರೋ ಉತ್ತರ ಕನ್ನಡಕ್ಕೆ ಹೊಸದಲ್ಲ. ಘಟ್ಟದ ಮೇಲಣ ಅಡಿಕೆ ತೋಟಗಳಲ್ಲಿ ಕೊನೆ ಕೊಯ್ಯುವ ಕೊನೆಗೌಡನು ಪಾದಗಳಿಗೆ ತಳೆಯೆಂಬ ಕುಣಿಕೆಯನ್ನು ಸಿಕ್ಕಿಸಿಕೊಂಡು, 50-60 ಅಡಿ ಎತ್ತರದ, ಗಾಳಿಗೆ ತೊನೆಯುವ ಮರವನ್ನೇರಿ, ಕೊಯ್ದ ಕೊನೆಯನ್ನು ಹಗ್ಗದಲ್ಲಿ ಕೆಳಕ್ಕೆ ಬಿಟ್ಟು, ಮತ್ತೆ ಇಳಿದು ಹತ್ತುವ ಶ್ರಮವನ್ನುಳಿಸಲು ತಾನಿದ್ದ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಾನೆ. ಅವನು ನಿರ್ಭಯನಾಗಿಯೇ ಜನಿಸಿದವನಲ್ಲ. ಗಿಡ್ಡ ಮರದಿಂದ ಎತ್ತರದ ಮರಕ್ಕೆ ಕ್ರಮವಾಗಿ ಏರಿದ ಅಭ್ಯಾಸದ ಫಲವೇ ಆ ಧೈರ್ಯ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕಾದ ಮಳೆಗಾಲದಲ್ಲಿ ಹೊಳವಾಗುವುದನ್ನು ಕಾದು ಮರವನ್ನೇರುವ ಅವನ ವಿವೇಕದಲ್ಲಿ, ಭಯವು ನಾಶವಾಗದೆ ಎಚ್ಚರವಾಗಿ ಪರಿಣಮಿಸಿರುವುದನ್ನು ಕಾಣಬಹುದು.

ಜರ್ಮನಿಯ ಮಹಾಕವಿ ಗಯಟೆಯೂ ಇದೇ ಮಾರ್ಗವನ್ನು ಹಿಡಿದವನು. 1770ರ ಸುಮಾರಿಗೆ ಸ್ಟ್ರಾಸ್‌ಬರ್ಗ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ, ತಲೆ ತಿರುಗುವ ದೌರ್ಬಲ್ಯವನ್ನು ಗೆಲ್ಲಲು ಅಲ್ಲಿನ ಮಹಾದೇಗುಲದ ಗೋಪುರವನ್ನು ಮರಳಿ ಮರಳಿ ಏರಿ ನಿಂತುದಾಗಿ ಅವನು ಆತ್ಮಕಥೆಯಲ್ಲಿ ಬರೆದಿದ್ದಾನೆ. ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಪ್ರಕಟಿಸಿದ ಗ್ರಂಥವು, ದೇಹವನ್ನು ಸಡಿಲಗೊಳಿಸಿಕೊಂಡು ಅಲ್ಪ ಭಯದಿಂದ ಅಧಿಕ ಭಯದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಕ್ರಮವನ್ನು ಚಿಕಿತ್ಸೆಯಾಗಿ ರೂಪಿಸಿತು.

ಹಾಗಾದರೆ ಭಯಪಡುವುದಕ್ಕೆಂದೇ ಹಣ ಕೊಟ್ಟು ಹೋಗುವವರ ಮಾತೇನು? ಗಣೇಶಗುಡಿಯಲ್ಲಿ ಕಾಳಿ ನದಿಯ ರಭಸಕ್ಕೆ ರಬ್ಬರ್ ದೋಣಿಯನ್ನೊಡ್ಡುವವರಲ್ಲಿ ಅಡ್ರಿನಲಿನ್ ಸ್ರವಿಸಿ, ಎದೆಬಡಿತ ಏರಿ, ಗಂಡಾಂತರ ಕಳೆದೊಡನೆ ಆ ಉದ್ವೇಗವೇ ಉಲ್ಲಾಸವಾಗುತ್ತದೆ. ಇಂತಹ ಅನುಭವದ ಹಂಬಲವು ಎಲ್ಲರಲ್ಲಿಯೂ ಸಮನಾಗಿಲ್ಲವೆಂಬುದನ್ನು ಮನೋವಿಜ್ಞಾನಿ ಮಾರ್ವಿನ್ ಜುಕರ್‌ಮನ್ 1960ರ ದಶಕದಲ್ಲಿಯೇ ಅಳೆಯಲೆತ್ನಿಸಿದನು. ಈ ಹಂಬಲ ದೋಷವಲ್ಲ. ಆದರೆ ಶಿರಸ್ತ್ರಾಣ, ಜೀವರಕ್ಷಕ ಅಂಗಿ ಹಾಗೂ ಅನುಭವಿ ಮಾರ್ಗದರ್ಶಿಯೊಡನೆ ನದಿಗಿಳಿಯುವುದು ಸಾಹಸವಾದರೆ, 253 ಮೀಟರ್ ಆಳದ ಜೋಗದ ಅಂಚಿನಲ್ಲಿ ಸೆಲ್ಫಿಗಾಗಿ ಬೆನ್ನು ತಿರುಗಿಸಿ ನಿಲ್ಲುವುದು ಸಾಹಸದ ವೇಷ ತೊಟ್ಟ ಅವಿವೇಕ.

ಎತ್ತರಕ್ಕೆ ಅಂಜುವ ವಾಚಕರು ನಾಚಬೇಕಾದುದಿಲ್ಲ. ಮೊದಲು ಒಂದನೆಯ ಮಹಡಿಯ ಕಟಕಟೆಯ ಬಳಿ ಎದೆಬಡಿತ ತಗ್ಗುವವರೆಗೆ ನಿಲ್ಲಲಿ, ಅನಂತರ ಎರಡನೆಯದಕ್ಕೆ ಏರಲಿ. ಭಯವು ದಿನದ ಬಾಳಿಗೇ ಅಡ್ಡಿಯಾಗುವಷ್ಟಿದ್ದರೆ ಮನೋವೈದ್ಯರನ್ನು ಕಾಣಲಿ. ಅಂಜದವರಿಗೆ ಹೇಳಬೇಕಾದುದು ಇಷ್ಟೇ: ಅಭ್ಯಾಸವೂ ರಕ್ಷಣೆಯೂ ಇಲ್ಲದೆಡೆ ಹಿಂದಕ್ಕೆ ಸರಿಯುವುದೇ ಧೀರರ ಲಕ್ಷಣ.