ಕಣ್ಣು ಪಳಗಿದ ಬಗೆ

ಮಳೆನೀರು ನಿಂತ ಬಯಲು. ನೀರಿನಲ್ಲಿ ಬಿದ್ದಿರುವ ಏಣಿಯ ತುದಿಯಿಂದ ಒಬ್ಬಾತ ಹಾರಿದ್ದಾನೆ. ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು, ತಾಗಿಲ್ಲ. ಕೆಳಗೆ ಅವನದೇ ಪ್ರತಿಬಿಂಬ. ಹಿಂದಿನ ಗೋಡೆಯ ಭಿತ್ತಿಪತ್ರದಲ್ಲಿ ನರ್ತಕಿಯೊಬ್ಬಳು ಎದುರು ದಿಕ್ಕಿಗೆ ಅದೇ ಭಂಗಿಯಲ್ಲಿ ಜಿಗಿಯುತ್ತಿದ್ದಾಳೆ. 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಬದಿಯಲ್ಲಿ ಫ್ರೆಂಚ್ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೇ-ಬ್ರೆಸ್ಸಾನ್ ತೆಗೆದ ಈ ಚಿತ್ರದ ಪ್ರಸ್ತಾಪವಿಲ್ಲದೆ ಛಾಯಾಗ್ರಹಣದ ಪಾಠ ಮುಗಿಯುವುದು ಅಪರೂಪ.

ಎಂಥ ಅದೃಷ್ಟ ಎಂದು ನೋಡಿದವರು ಉದ್ಗರಿಸುತ್ತಾರೆ. ಈ ಚಿತ್ರದ ಮಟ್ಟಿಗೆ ಆ ಮಾತು ತೀರಾ ಸುಳ್ಳಲ್ಲ. ಬೇಲಿಯ ಹಲಗೆಗಳ ಸಂದಿಯಲ್ಲಿ ಲೆನ್ಸ್ ತೂರಿಸಿ ತೆಗೆದದ್ದು ಅದು. ಆಚೆಗಿನದು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ತೆಗೆದ ಚಿತ್ರದ ಅಂಚನ್ನು ಕತ್ತರಿಸಕೂಡದೆಂದು ಹಠ ಹಿಡಿಯುತ್ತಿದ್ದ ಬ್ರೆಸ್ಸಾನ್ ಇದರ ಅಂಚನ್ನು ಕತ್ತರಿಸಲೇಬೇಕಾಯಿತು. ಚೌಕಟ್ಟಿನ ಶಿಸ್ತಿಗೆ ಹೆಸರಾದವನ ಅತಿ ಪ್ರಸಿದ್ಧ ಚಿತ್ರವೇ ಆ ಶಿಸ್ತಿಗೆ ಅಪವಾದವೆಂಬುದು ವಿಚಿತ್ರ. ಸಂಯೋಜನೆ ಕಲಿಯಬೇಕೆನ್ನುವವರು ಇದನ್ನು ಸ್ವಲ್ಪ ಬದಿಗಿಟ್ಟು, ಅದರ ಹಿಂದುಮುಂದಿನ ದುಡಿಮೆಯನ್ನು ನೋಡುವುದು ಲೇಸು.

ಚೌಕಟ್ಟಿನೊಳಗೆ ಏನಿರಬೇಕು, ಏನಿರಬಾರದು, ಇರುವುದು ಎಲ್ಲಿರಬೇಕು ಎಂಬ ತೀರ್ಮಾನವೇ ಸಂಯೋಜನೆ. ಇದಕ್ಕೆ ಚಿತ್ರಕಾರನಿಗೆ ವಾರಗಟ್ಟಲೆ ಕಾಲಾವಕಾಶವುಂಟು. ಬೀದಿಯಲ್ಲಿ ನಿಂತ ಛಾಯಾಗ್ರಾಹಕನಿಗೆ ಇರುವುದು ರೆಪ್ಪೆ ಬಡಿಯುವಷ್ಟು ಹೊತ್ತು. ಅಷ್ಟರಲ್ಲಿ ಯೋಚಿಸಲಾಗದು, ಮೊದಲೇ ಯೋಚಿಸಿ ಯೋಚಿಸಿ ಕಣ್ಣಿಗೆ ರೂಢಿಯಾಗಿರಬೇಕು.

ಬ್ರೆಸ್ಸಾನ್‌ನ ರೂಢಿ ಶುರುವಾದದ್ದು ಕ್ಯಾಮರಾದಿಂದಲ್ಲ, ಕುಂಚದಿಂದ. 1927ರಲ್ಲಿ ಆತ ಪ್ಯಾರಿಸ್ಸಿನಲ್ಲಿ ಆಂದ್ರೆ ಲೋತ್ ಎಂಬ ಕಲಾವಿದನ ಶಾಲೆ ಸೇರಿದ. ಹಳೆಯ ಮಹಾನ್ ಚಿತ್ರಗಳಲ್ಲಿ ಅಡಗಿರುವ ತ್ರಿಕೋನ, ಕರ್ಣರೇಖೆ, ಅಳತೆಯ ಅನುಪಾತಗಳನ್ನು ಹುಡುಕಿಸುವುದು ಲೋತ್‌ನ ಪಾಠಕ್ರಮ. ಸಿದ್ಧಾಂತದ ಭಾರ ಜಾಸ್ತಿಯಾಗಿ ಶಿಷ್ಯ ಶಾಲೆ ಬಿಟ್ಟ. ಜ್ಯಾಮಿತಿ ಮಾತ್ರ ಅವನನ್ನು ಬಿಡಲಿಲ್ಲ.

1932ರಲ್ಲಿ ಕೈಗೆ ಬಂದದ್ದು ಅಂಗೈಯಲ್ಲಿ ಹಿಡಿಸುವಂಥ ಲೈಕಾ ಕ್ಯಾಮರಾ. 35 ಮಿಲಿಮೀಟರ್ ಫಿಲಂ, ಒಂದೊಂದು ಚೌಕಟ್ಟೂ 24ಕ್ಕೆ 36 ಮಿಲಿಮೀಟರ್. ಅದಕ್ಕೆ ಬಹುಮಟ್ಟಿಗೆ ಜೀವನವಿಡೀ ಒಂದೇ 50 ಮಿಲಿಮೀಟರ್ ಲೆನ್ಸ್. ಇದು ಬಡತನವಲ್ಲ, ಸಾಧನೆಯ ಕ್ರಮ. ಸಂಗೀತ ಕಲಿಯುವವರು ಸರಳೆ ವರಸೆಯನ್ನೇ ತಿಂಗಳುಗಟ್ಟಲೆ ಹಾಡುವುದಿಲ್ಲವೇ? ಹಾಗೆಯೇ ಒಂದೇ ಲೆನ್ಸಿನಲ್ಲಿ ದುಡಿದವನಿಗೆ, ಎಷ್ಟು ಹೆಜ್ಜೆ ದೂರದಲ್ಲಿ ನಿಂತರೆ ಎಷ್ಟು ಗೋಡೆ, ಎಷ್ಟು ಆಕಾಶ ಹಿಡಿಸುತ್ತದೆಂಬುದು ಕ್ಯಾಮರಾ ಎತ್ತುವ ಮೊದಲೇ ಗೊತ್ತಿರುತ್ತದೆ. ನಿಂತಲ್ಲೇ ನಿಂತು ಜೂಮ್ ತಿರುಗಿಸುವವರಿಗೆ ಈ ಅಂದಾಜು ದಕ್ಕುವುದು ಕಷ್ಟ.

ಅದೇ ವರ್ಷ ಈಯೆರ್ ಪಟ್ಟಣದಲ್ಲಿ ತೆಗೆದ ಚಿತ್ರವನ್ನು ನೋಡಬೇಕು. ಮೇಲಿನಿಂದ ಸುರುಳಿಯಾಗಿ ಇಳಿಯುವ ಮೆಟ್ಟಿಲು, ಅದರ ಕಂಬಿ, ಕೆಳಗೆ ಬಾಗಿದ ಬೀದಿ. ಆ ಬಾಗಿನಲ್ಲಿ ಸರ್ರನೆ ಹಾದುಹೋಗುವ ಸೈಕಲ್ ಸವಾರ. ಮೊದಲು ರಂಗ ಸಜ್ಜಾಗಿದೆ, ಪಾತ್ರಧಾರಿ ಬಂದದ್ದು ಆಮೇಲೆ. ಬೇಟೆಗಾರನಂತೆ ಅಲೆಯುವುದರ ಜೊತೆಗೆ ಹೀಗೆ ಒಳ್ಳೆಯ ಹಿನ್ನೆಲೆ ಕಂಡಲ್ಲಿ ಕಾಯುವುದೂ ಕಲಿಯಬೇಕಾದ ವಿದ್ಯೆಯೇ.

ತೆಗೆದ ಮೇಲೆ ನೋಡುವ ಕೆಲಸ ಇನ್ನೂ ದೊಡ್ಡದು. ಸುರುಳಿಯ ಚಿತ್ರಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಫಿಲಂ ಗಾತ್ರದಲ್ಲೇ ಮುದ್ರಿಸುವುದಕ್ಕೆ ಕಾಂಟ್ಯಾಕ್ಟ್ ಷೀಟ್ ಎನ್ನುತ್ತಾರೆ. ಒಂದು ಹೆಜ್ಜೆ ಎಡಕ್ಕೆ ಸರಿದದ್ದು, ಒಂದು ಕ್ಷಣ ತಡವಾದದ್ದು ಎಲ್ಲವೂ ಅದರಲ್ಲಿ ಬಯಲಾಗುತ್ತದೆ. ಬ್ರೆಸ್ಸಾನ್ ಚಿತ್ರಗಳನ್ನು ತಲೆಕೆಳಗು ಹಿಡಿದು ಪರೀಕ್ಷಿಸುತ್ತಿದ್ದುದೂ ಉಂಟು. ತಲೆಕೆಳಗಾದಾಗ ಮುಖ, ಕಥೆ, ಕರುಣೆ ಎಲ್ಲ ಹಿಂದೆ ಸರಿದು, ಕಪ್ಪು-ಬಿಳುಪಿನ ಆಕಾರಗಳ ತೂಕ ಮಾತ್ರ ಕಣ್ಣಿಗೆ ಬೀಳುತ್ತದೆ. ಮೊಬೈಲ್ ಹಿಡಿದವರೂ ಖರ್ಚಿಲ್ಲದೆ ಮಾಡಿ ನೋಡಬಹುದಾದ ಅಭ್ಯಾಸವಿದು. ಈಗ ದಿನಕ್ಕೆ ನೂರು ಚಿತ್ರ ತೆಗೆಯುವುದು ಸುಲಭ. ಆ ನೂರನ್ನು ಕೂತು ನೋಡುವವರು ವಿರಳ.

ಇಲ್ಲೊಂದು ತಮಾಷೆಯಿದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಬ್ರೆಸ್ಸಾನ್ ತನ್ನ ಹಳೆಯ ಫಿಲಂಗಳಿಂದ ಬೇಕಾದ ಚೌಕಟ್ಟುಗಳನ್ನಷ್ಟೇ ಕತ್ತರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಎಸೆದುಬಿಟ್ಟ. ತಪ್ಪಿದ ಹೆಜ್ಜೆಗಳ ಸಾಕ್ಷ್ಯ ಹೋಯಿತು, ಮಾಣಿಕ್ಯಗಳಷ್ಟೇ ಉಳಿದವು. ಅದೃಷ್ಟದ ಕಥೆ ಹಬ್ಬಲು ಬೇರೇನು ಬೇಕು?

ಈ ಸಾಧನೆಯ ಬೆಲೆ ತಿಳಿದದ್ದು ಭಾರತದಲ್ಲಿ. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಬ್ರೆಸ್ಸಾನ್ ಗಾಂಧೀಜಿಯವರನ್ನು ಕಂಡು ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಅವರ ಹತ್ಯೆಯಾಯಿತು. ಆ ರಾತ್ರಿ ಗೇಟಿನ ಬಳಿ ನೆಹರೂ ಜನರಿಗೆ ಸುದ್ದಿ ತಿಳಿಸುತ್ತಿದ್ದಾರೆ. ಮಂದ ಬೆಳಕು, ನೂಕುನುಗ್ಗಲು, ದುಃಖ. ಬ್ರೆಸ್ಸಾನ್ ಫ್ಲಾಶ್ ಬಳಸುವವನಲ್ಲ. ಚಿತ್ರ ಕೊಂಚ ಅಲುಗಿದೆ. ಆದರೂ ದೀಪ, ನೆಹರೂ ಮುಖ, ಕತ್ತಲು ತಮ್ಮ ತಮ್ಮ ಜಾಗದಲ್ಲೇ ಇವೆ. ಅಳತೆ ಹಾಕುವಷ್ಟು ವ್ಯವಧಾನ ಅಲ್ಲಿ ಯಾರಿಗಿತ್ತು?

1970ರ ದಶಕದ ಆರಂಭದಲ್ಲಿ ಆತ ಛಾಯಾಗ್ರಹಣವನ್ನು ಬಹುಪಾಲು ಕೈಬಿಟ್ಟು ಪೆನ್ಸಿಲ್ ಹಿಡಿದ. ಆಗ ವಯಸ್ಸು ಅರವತ್ತು ದಾಟಿತ್ತು. 2004ರಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡ ಈ ಜಗದ್ವಿಖ್ಯಾತ ವಯೋವೃದ್ಧ, ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಹಳೆಯ ಚಿತ್ರಗಳ ಮುಂದೆ ಕೂತು ವಿದ್ಯಾರ್ಥಿಯಂತೆ ನಕಲು ಬರೆಯುತ್ತಿದ್ದ.