ನಾಣ್ಯಕ್ಕೆ ನೆನಪಿಲ್ಲ

ಜೂಜು ಇಂದು ನಿನ್ನೆಯ ಚಟವಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಪ್ರಲಾಪವೇ ಒಂದು ಸೂಕ್ತವಾಗಿದೆ. ತಾರೆಕಾಯಿಯ ದಾಳಗಳಿಂದ ಸರ್ವಸ್ವವನ್ನೂ ಕಳೆದುಕೊಂಡ ಆತನು ಇನ್ನು ಆಡಬಾರದೆಂದು ನಿಶ್ಚಯಿಸುತ್ತಾನೆ. ದಾಳಗಳ ಸದ್ದು ಕಿವಿಗೆ ಬಿದ್ದೊಡನೆ ಆ ನಿಶ್ಚಯ ಕರಗಿಹೋಗುತ್ತದೆ. ಇಂದು ದಾಳವು ಫೋನಿನೊಳಗೆ ಬಂದು ಕುಳಿತಿದೆ. ಆದರೆ ಪ್ರಶ್ನೆ ಹಳೆಯದೇ: ಕೆಡುಕೆಂದು ತಿಳಿದೂ ಮನುಷ್ಯನು ಏಕೆ ನಿಲ್ಲಿಸಲಾರ? ಇದಕ್ಕೆ ವಿಜ್ಞಾನವು ಕೊಡುವ ಉತ್ತರವನ್ನು ಇಲ್ಲಿ ವಿಚಾರಿಸೋಣ.

ಮೊದಲು ಗಣಿತ. ದೋಷವಿಲ್ಲದ ನಾಣ್ಯವೊಂದನ್ನು ಚಿಮ್ಮಿದಾಗ ಸತತವಾಗಿ ಹತ್ತು ಸಲ ಶಿರವೇ ಬೀಳುವ ಸಂಭವನೀಯತೆ ೧೦೨೪ರಲ್ಲಿ ೧. ಹಾಗಾದರೆ ಒಂಬತ್ತು ಸಲ ಶಿರವೇ ಬಿದ್ದ ಮೇಲೆ ಹತ್ತನೆಯ ಸಲ ಪುಚ್ಛ ಬೀಳುವ ಸಂಭವವೇ ಹೆಚ್ಚಲ್ಲವೆ? ಅಲ್ಲ. ಆ ಒಂಬತ್ತೂ ಆಗಿಹೋದುವು. ಹತ್ತನೆಯದರ ಸಂಭವನೀಯತೆ ಎಂದಿನಂತೆ ಅರ್ಧವೇ. ನಾಣ್ಯಕ್ಕೆ ನೆನಪಿಲ್ಲ. ವಿಕಿರಣಶೀಲ ಪರಮಾಣುವೂ ಹೀಗೆಯೇ. ಸಾವಿರ ವರ್ಷ ಉಳಿದುಬಂದ ರೇಡಿಯಂ ಪರಮಾಣುವು ಮುಂದಿನ ಕ್ಷಣದಲ್ಲಿ ಒಡೆಯುವ ಸಂಭವ, ಇಂದು ಹುಟ್ಟಿದ ರೇಡಿಯಂ ಪರಮಾಣುವಿನದಕ್ಕಿಂತ ಎಳ್ಳಷ್ಟೂ ಹೆಚ್ಚಲ್ಲ.

೧೯೧೩ರ ಆಗಸ್ಟ್ ೧೮ರಂದು ಮಾಂಟೆಕಾರ್ಲೋ ನಗರದ ಜೂಜುಕಟ್ಟೆಯಲ್ಲಿ ನಡೆದುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ರೂಲೆಟ್ ಚಕ್ರದ ಗುಂಡು ಅಂದು ಸತತವಾಗಿ ೨೬ ಸಲ ಕಪ್ಪು ಮನೆಗೇ ಬಿದ್ದಿತು. ಇನ್ನು ಕೆಂಪು ಬಂದೇ ತೀರಬೇಕೆಂದು ಜನರು ಪಣವನ್ನು ಏರಿಸುತ್ತಲೇ ಹೋಗಿ ಅಪಾರ ಹಣವನ್ನು ಕಳೆದುಕೊಂಡರು.

ಈ ಚಕ್ರದ ಒಡೆಯನಿಗೆ ಮೋಸ ಮಾಡುವ ಅಗತ್ಯವೇ ಇಲ್ಲ. ಯೂರೋಪಿನ ರೂಲೆಟ್ ಚಕ್ರದಲ್ಲಿ ೧೮ ಕೆಂಪು, ೧೮ ಕಪ್ಪು, ಒಂದು ಸೊನ್ನೆ, ಹೀಗೆ ೩೭ ಮನೆಗಳಿವೆ. ಸೊನ್ನೆ ಬಂದರೆ ಕೆಂಪಿಗೆ ಒಡ್ಡಿದವನೂ ಸೋತಂತೆಯೇ ಎಂದಿಟ್ಟುಕೊಳ್ಳೋಣ. ಒಂದೊಂದು ಸಲಕ್ಕೆ ೧೦೦ ರೂಪಾಯಿಯಂತೆ ಕೆಂಪಿನ ಮೇಲೆ ೩೭ ಸಲ ಒಡ್ಡಿದರೆ ಸರಾಸರಿಯಲ್ಲಿ ೧೮ ಗೆಲವು, ೧೯ ಸೋಲು. ೧೦೦ ರೂಪಾಯಿ ನಷ್ಟ. ಆಟ ದೀರ್ಘವಾದಷ್ಟೂ ನಷ್ಟ ನಿಶ್ಚಿತವಾಗುತ್ತದೆ.

ಈ ಲೆಕ್ಕವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಮಾಡಿದ ವಿದ್ಯಾರ್ಥಿಯೂ ಅದೇ ರಾತ್ರಿ ಕಾಲೇಜಿನ ಶುಲ್ಕದ ಹಣವನ್ನು ಜೂಜಿಗೆ ಒಡ್ಡಬಲ್ಲ. ನಾಣ್ಯಕ್ಕೆ ಇಲ್ಲದ ನೆನಪು ಮನಸ್ಸಿಗೆ ಇರುವುದೇ ಇದಕ್ಕೆ ಕಾರಣ.

ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗಗಳನ್ನು ನಡೆಸಿದನು. ಗುಂಡಿಯನ್ನು ಕುಕ್ಕಿದಾಗ ಕಾಳು ದೊರೆಯುವ ಏರ್ಪಾಡು ಅದು. ಎಷ್ಟನೆಯ ಕುಕ್ಕಿಗೆ ಕಾಳು ಬರುವುದೆಂಬುದು ಅನಿಶ್ಚಿತವಾಗಿದ್ದಾಗ ಹಕ್ಕಿಯು ಬಿಡುವಿಲ್ಲದೆ ಕುಕ್ಕುತ್ತದೆ. ಕಾಳು ನಿಂತುಹೋದ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. ಜೂಜುಗಾರನ ಸ್ಥಿತಿಯೂ ಇದೇ ಎಂದು ಸ್ಕಿನ್ನರನೇ ಹೇಳಿದ್ದಾನೆ. ಇಷ್ಟೇ ಅಲ್ಲ. ೨೦೦೯ರಲ್ಲಿ ಕೇಂಬ್ರಿಜಿನ ಸಂಶೋಧಕರು ಆಡುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಕೂದಲೆಳೆಯಲ್ಲಿ ತಪ್ಪಿದ ಗೆಲವು ಸೋಲೇ ಆಗಿದ್ದರೂ, ಗೆದ್ದಾಗ ಚುರುಕಾಗುವ ಭಾಗಗಳನ್ನೇ ಅದು ಕೆರಳಿಸುವುದು ಕಂಡುಬಂದಿತು. ಫೋನಿನ ಆಟಗಳಲ್ಲಿ ಎಂದೋ ಒಮ್ಮೆ ದೊರೆಯುವ ಬಹುಮಾನ, ಗೆರೆಯನ್ನು ಎಳೆದಾಗಲೊಮ್ಮೆ ಬರಬಹುದಾದ ಹೊಸ ಸುದ್ದಿ, ಇವುಗಳ ಹಿಂದೆ ಇರುವುದೂ ಇದೇ ತತ್ತ್ವ.

ಹೆಚ್ಚು ಹೊತ್ತು ಆಡುವವರೆಲ್ಲರೂ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಜೂಜಿನ ವ್ಯಸನಕ್ಕೂ ಆಟದ ವ್ಯಸನಕ್ಕೂ ಸ್ಥಾನವಿದೆ. ಅಲ್ಲಿ ಹೇಳಿರುವ ಲಕ್ಷಣಗಳು ಮೂರು: ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾದರೂ ಬಿಡಲಾಗದಿರುವುದು. ಸಾಮಾನ್ಯವಾಗಿ ಒಂದು ವರ್ಷ ಕಾಲ ಇವು ಕಂಡುಬಂದರೆ ಅದು ವ್ಯಸನ. ಕಳೆದುದನ್ನು ಹಿಂದಕ್ಕೆ ಪಡೆಯಲೆಂದು ಸಾಲ ಮಾಡಿ ಆಡುವುದು ಎಲ್ಲಕ್ಕಿಂತ ಅಪಾಯಕಾರಿ. ಆಟವು ತನಗೆ ಬಾಕಿ ತೀರಿಸಬೇಕಾಗಿದೆಯೆಂದು ಆತನು ನಂಬಿರುತ್ತಾನೆ. ಆಟವಾದರೋ ಯಾರ ಲೆಕ್ಕವನ್ನೂ ಇಟ್ಟಿಲ್ಲ.

ಪರಿಹಾರವೇನು? ಬರಿಯ ಬೈಗುಳದಿಂದ ಫಲವಿಲ್ಲ. ಮನಸ್ಸನ್ನು ಸೆಳೆಯುವುದು ಬಹುಮಾನದ ಶೀಘ್ರತೆ. ಆದುದರಿಂದ ಬಯಕೆಗೂ ಆಟಕ್ಕೂ ನಡುವೆ ಅಡ್ಡಿಗಳನ್ನು ಒಡ್ಡಬೇಕು. ಆಟವನ್ನು ಫೋನಿನಿಂದ ತೆಗೆಯುವುದು, ಹಣದ ವ್ಯವಹಾರವನ್ನು ನಂಬಿಕೆಯವರ ಕೈಗೆ ಒಪ್ಪಿಸುವುದು, ಮಲಗುವ ಕೋಣೆಯ ಹೊರಗೆ ಫೋನನ್ನಿಡುವುದು, ಇವೆಲ್ಲ ಅಂಥ ಅಡ್ಡಿಗಳೇ. ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಪಾರ್ಲಿಮೆಂಟು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೆ ಈಗಾಗಲೇ ಸಿಕ್ಕಿಬಿದ್ದವನಿಗೆ ಕಾಯಿದೆಯೊಂದೇ ಸಾಲದು; ತನ್ನ ಯೋಚನೆಯ ತಪ್ಪುಗಳನ್ನು ಗುರುತಿಸಿ ತಿದ್ದಿಕೊಳ್ಳಲು ಕಲಿಸುವ ಮನಶ್ಚಿಕಿತ್ಸೆಯಿಂದ ಅನೇಕರಿಗೆ ಗುಣವಾಗುತ್ತದೆ. ತಂತ್ರಜ್ಞಾನದ ಅತಿಬಳಕೆಗೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೪ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಸಹಪಾಠಿಯೊಬ್ಬನು ಈ ಸುಳಿಗೆ ಸಿಕ್ಕಿದ್ದರೆ ಅವನಿಗೆ ಸಾಲ ಕೊಡುವುದು ಉಪಕಾರವಲ್ಲ, ಅವನನ್ನು ಹಾಸ್ಯ ಮಾಡುವುದು ಬುದ್ಧಿವಂತಿಕೆಯಲ್ಲ. ಅವನ ಜೊತೆಯಲ್ಲಿ ಕುಳಿತು ಆ ಒಂದು ಕರೆಯನ್ನು ಮಾಡಿಸುವುದೇ ನಿಜವಾದ ಸ್ನೇಹ.