ಕೃಪೆ ಮೊದಲೋ, ಕಟ್ಟಳೆ ಮೊದಲೋ?



ನಾವಿರುವ ಹ್ಯಾಂಬರ್ಗ್‌ನಲ್ಲಿ 2018ರಿಂದ ಅಕ್ಟೋಬರ್ 31 ರಜಾದಿನ. ರಜೆ ಸಿಕ್ಕ ಖುಷಿಯಲ್ಲಿ ಅದು ಯಾತಕ್ಕೆಂದು ನಾನು ಯೋಚಿಸಿಯೇ ಇರಲಿಲ್ಲ. ಯೋಚಿಸುವಂತೆ ಮಾಡಿದ್ದು ನಾಲ್ಕನೇ ತರಗತಿಯ ಮಗಳು. ಇಲ್ಲಿನ ಶಾಲೆಯಲ್ಲಿ ಎಲ್ಲ ಧರ್ಮದ ಮಕ್ಕಳೂ ಒಟ್ಟಿಗೆ ಕೂರುವ ಧರ್ಮಪಾಠದ ತರಗತಿ ಇದೆ. ಅಲ್ಲಿ ಲೂಥರ್ ಕಥೆ ಕೇಳಿ ಬಂದವಳು, "ಅಪ್ಪಾ, ದೇವರು ಪುಕ್ಕಟೆ ಕ್ಷಮಿಸ್ತಾನೆ ಅಂದ್ರೆ ಹತ್ತು ಆಜ್ಞೆ ಯಾಕೆ ಬೇಕು?" ಎಂದಳು. "ಮಾಡಿದ್ದುಣ್ಣೋ ಮಹರಾಯ" ಎಂದು ಕೇಳಿ ಬೆಳೆದ ನಾನು ನಗುತ್ತಾ, "ಅವರಿಗೆಲ್ಲ ಸುಲಭ ಪುಟ್ಟಿ, ತಪ್ಪು ಮಾಡೋದು, ಸಾರಿ ಕೇಳೋದು, ಮುಗೀತು" ಎಂದುಬಿಟ್ಟೆ.

ಮರುದಿನ ಅವಳು ಅದನ್ನೇ ತನ್ನ ಗೆಳತಿಗೆ ಹೇಳಿದಳು. ಪ್ರತಿ ಭಾನುವಾರ ಚರ್ಚಿಗೆ ಹೋಗುವ ಮನೆಯ ಹುಡುಗಿ. ಅತ್ತುಬಿಟ್ಟಳಂತೆ. ಒಂದು ವಾರ ಇಬ್ಬರಿಗೂ ಮಾತಿಲ್ಲ. ತಪ್ಪು ನನ್ನದು. ಹಾಗಾಗಿ ಕುಳಿತು ಓದಿದೆ. ನಾನು ಪಂಡಿತನಲ್ಲ, ಕೋಡ್ ಬರೆದು ಬದುಕುವವನು. ನನಗೆ ತಿಳಿದಷ್ಟನ್ನು ಹಂಚಿಕೊಳ್ಳುತ್ತೇನೆ.

ಕನ್ನಡ ಬೈಬಲ್‌ನಲ್ಲಿ ಈ ವಿಷಯಕ್ಕೆ ಎರಡು ಮುಖ್ಯ ಶಬ್ದಗಳಿವೆ. ಮೋಶೆಯ ಮೂಲಕ ಯೆಹೂದ್ಯರಿಗೆ ಬಂದ ಕಟ್ಟಳೆಗಳು 'ಧರ್ಮಶಾಸ್ತ್ರ'. ಯೋಗ್ಯತೆ ನೋಡದೆ ದೇವರು ತೋರುವ ಒಲವು 'ಕೃಪೆ'.

ಮೊದಮೊದಲ ಕ್ರೈಸ್ತರೆಲ್ಲ ಯೆಹೂದ್ಯರೇ. ಬೇರೆ ಜನ ಸೇರತೊಡಗಿದಾಗ, ಅವರಿಗೂ ಸುನ್ನತಿ ಬೇಕೇ, ಊಟದ ನಿಯಮಗಳು ಬೇಕೇ ಎಂಬ ಜಗಳ ಶುರುವಾಯಿತು. ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನಲ್ಲಿ ಹಿರಿಯರು ಸೇರಿ, ಸುನ್ನತಿ ಬೇಡ, ವಿಗ್ರಹಕ್ಕೆ ಅರ್ಪಿಸಿದ ಆಹಾರ, ವ್ಯಭಿಚಾರ ಮುಂತಾದ ಕೆಲವನ್ನು ಬಿಟ್ಟರೆ ಸಾಕು ಎಂದರು. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಒಂದು ಹೋಲಿಕೆ ಕೊಡುತ್ತಾನೆ. ಆ ಕಾಲದ ಸಿರಿವಂತರ ಮನೆಯಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ದು ಕಾಯಲು ಒಬ್ಬ ಆಳು ಇರುತ್ತಿದ್ದ. ಧರ್ಮಶಾಸ್ತ್ರ ಆ ಆಳಿನ ಹಾಗೆ. ಮಗು ಬೆಳೆದ ಮೇಲೆ ಕಾವಲು ಬೇಡ.

ಹಾಗಾದರೆ ಬೇಕಾದಂತೆ ಪಾಪ ಮಾಡಬಹುದೇ? ಮಗಳ ಪ್ರಶ್ನೆಯನ್ನು ಪೌಲನೇ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಎತ್ತಿ, ಎಂದಿಗೂ ಇಲ್ಲ ಎನ್ನುತ್ತಾನೆ. ಹೊಸ ಬದುಕು ಪಡೆದವನು ಹಳೆಯದಕ್ಕೆ ಮರಳುವುದು ಹೇಗೆ ಎಂಬುದು ಅವನ ವಾದ. ಯಾಕೋಬನ ಪತ್ರವಂತೂ ಒಳ್ಳೆಯ ಕೆಲಸವಿಲ್ಲದ ನಂಬಿಕೆಗೆ ಜೀವವೇ ಇಲ್ಲ ಎನ್ನುತ್ತದೆ.

ನನಗೆ ಕಣ್ಣು ತೆರೆಸಿದ್ದು ಮೋಶೆಯ ಕಥೆಯ ಅನುಕ್ರಮ. ದೇವರು ಮೊದಲು ಜನರನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸುತ್ತಾನೆ. ಹತ್ತು ಆಜ್ಞೆಗಳು ಬರುವುದು ಆಮೇಲೆ, ಸೀನಾಯಿ ಬೆಟ್ಟದಲ್ಲಿ. ಅಂದರೆ ಆಜ್ಞೆಗಳು ಬಿಡುಗಡೆಗೆ ಕಟ್ಟಬೇಕಾದ ಫೀಸು ಅಲ್ಲ, ಬಿಡುಗಡೆಯಾದವರು ಬದುಕಬೇಕಾದ ರೀತಿ.

ಲೂಥರ್ 1505ರಲ್ಲಿ ಸನ್ಯಾಸಿಯಾದವನು. ಉಪವಾಸ, ಪಾಪನಿವೇದನೆ ಎಷ್ಟು ಮಾಡಿದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಹಣ ಕೊಟ್ಟವರಿಗೆ ಪಾಪದ ಶಿಕ್ಷೆ ತಗ್ಗಿಸುವ ಪತ್ರ ಕೊಡುವುದನ್ನು ಪ್ರಶ್ನಿಸಿ, 95 ವಾದಗಳನ್ನು ಬರೆದು ಆರ್ಚ್‌ಬಿಷಪ್‌ಗೆ ಕಳಿಸಿದ್ದು 1517ರ ಅಕ್ಟೋಬರ್ 31ರಂದು. ನಮ್ಮ ರಜೆಯ ಮೂಲ ಇದೇ. ಕೃಪೆಯನ್ನು ಗಳಿಸಲಾಗದು, ನಂಬಿಕೆಯಿಂದ ಪಡೆಯಬೇಕು ಎಂದ ಲೂಥರ್ ಆಜ್ಞೆಗಳನ್ನು ಬಿಸಾಡಲಿಲ್ಲ. ಮನೆಮಂದಿಗಾಗಿ 1529ರಲ್ಲಿ ಬರೆದ ಪುಟ್ಟ ಪ್ರಶ್ನೋತ್ತರ ಪುಸ್ತಕದಲ್ಲಿ ಮೊದಲ ಪಾಠವೇ ಹತ್ತು ಆಜ್ಞೆಗಳು.

ಕ್ಯಾಥೊಲಿಕರು 1547ರಲ್ಲಿ ಟ್ರೆಂಟ್ ಸಭೆಯಲ್ಲಿ, ಆರಂಭ ಕೃಪೆಯದೇ, ಆದರೆ ಮನುಷ್ಯನೂ ಅದಕ್ಕೆ ಕೈಜೋಡಿಸಬೇಕು ಎಂದರು. ಈ ಜಗಳಕ್ಕೆ ಬಹುಮಟ್ಟಿಗೆ ತೆರೆ ಬಿದ್ದದ್ದು 1999ರ ಅಕ್ಟೋಬರ್ 31ರಂದು, ಜರ್ಮನಿಯದೇ ಆದ ಔಗ್ಸ್‌ಬರ್ಗ್‌ನಲ್ಲಿ. ಲೂಥರನ್ ಒಕ್ಕೂಟ ಮತ್ತು ಕ್ಯಾಥೊಲಿಕ್ ಚರ್ಚ್ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ಒಳ್ಳೆಯ ಕೆಲಸಗಳು ಅದರ ಫಲ. 2006ರಲ್ಲಿ ಮೆಥೋಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಚರ್ಚುಗಳೂ ಸೇರಿಕೊಂಡವು.

ಈ ಚರ್ಚೆ ನಮಗೂ ಹೊಸದಲ್ಲ. ತಾಯಿಯನ್ನು ತಾನೇ ಅವುಚಿ ಹಿಡಿಯುವ ಕೋತಿಮರಿ, ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುವ ಬೆಕ್ಕಿನಮರಿ ಎಂಬ ಶ್ರೀವೈಷ್ಣವರ ವಾದ ನಿಮ್ಮಲ್ಲಿ ಹಲವರಿಗೆ ಗೊತ್ತು. ಜರ್ಮನಿಯ ಲೂಥರನ್ ವಿದ್ವಾಂಸ ರುಡಾಲ್ಫ್ ಓಟೋ, ಭಾರತದ ಕೃಪೆಯ ಕಲ್ಪನೆಯನ್ನು ಕ್ರೈಸ್ತ ಧರ್ಮದೊಂದಿಗೆ ಹೋಲಿಸಿ 1930ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಓದಿದ ಮೇಲೆ ಮಗಳನ್ನು ಕರೆದುಕೊಂಡು ಗೆಳತಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಕೆಯ ತಾಯಿ ಒಂದು ಮಾತೂ ಆಡದೆ ಒಳಗೆ ಕರೆದು ಕಾಫಿ ಕೊಟ್ಟರು. ಬರುವಾಗ ಮಗಳು, "ಇನ್ಮೇಲೆ ಹಾಗೆಲ್ಲ ಹೇಳ್ಬೇಡಪ್ಪ" ಎಂದಳು. ಹೇಳುವ ಮನಸ್ಸು ನನಗೂ ಉಳಿದಿರಲಿಲ್ಲ.

ನಮ್ಮ ಕೂಟದ ಕ್ರೈಸ್ತ ಬಂಧುಗಳು ಈ ಬರಹದಲ್ಲಿ ತಪ್ಪು ಕಂಡರೆ ದಯವಿಟ್ಟು ತಿದ್ದಿ.